ನೀರಿನ ನಡುವಣ ಹಸಿವು

ವಿರಾಜಪೇಟೆಯ ಬಳಿಯ ಬಿಟ್ಟಂಗಾಲದಲ್ಲಿ ದಿಬ್ಬದ ಮೇಲೆ ಕಾಫಿ, ತಗ್ಗಿನಲ್ಲಿ ಬತ್ತದ ಗದ್ದೆ. ಮಳೆ ಎರಡಕ್ಕೂ ಒಂದೇ. ಆದರೆ ಬುಡದಲ್ಲಿ ನೀರು ನಿಂತರೆ ಬತ್ತ ನಳನಳಿಸುತ್ತದೆ. ಕಾಫಿಗಿಡ ಹಳದಿಗಟ್ಟಿ ಕಾಯಿ ಉದುರಿಸುತ್ತದೆ. ಇದೇಕೆಂದು ಕೇಳುಗರು ಯೋಚಿಸಿರಬಹುದು.

ಉತ್ತರವಿರುವುದು ಬೇರಿನ ಜೀವಕೋಶದಲ್ಲಿ. ಕೋಶವನ್ನು ಸುತ್ತಿದ ತೆಳುಪೊರೆ ಬರಿಯ ತಡೆಯಲ್ಲ, ಬಾಗಿಲುಗಳುಳ್ಳ ಬೇಲಿ. ಕರಗಿದ ವಸ್ತುಗಳು ಹೆಚ್ಚಿರುವ ಒಳಗಡೆಗೆ ನೀರು ತಾನಾಗಿಯೇ ಸರಿಯುತ್ತದೆ. ನೀರಿಗೆಂದೇ ಇರುವ ಸೂಕ್ಷ್ಮದ್ವಾರಗಳನ್ನು ಕಂಡುಹಿಡಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪೊಟ್ಯಾಸಿಯಮ್, ನೈಟ್ರೇಟ್‌ಗಳಂಥ ಪೋಷಕಾಂಶಗಳ ಮಾತು ಬೇರೆ. ಅವು ಮಣ್ಣಿನ ನೀರಿನಲ್ಲಿ ವಿರಳ, ಕೋಶದೊಳಗೆ ಸಾಂದ್ರ. ಅವನ್ನು ಏರುದಾರಿಯಲ್ಲಿ ಎಳೆದುಕೊಳ್ಳಬೇಕು. ಆ ದುಡಿಮೆಗೆ ಕೂಲಿ ಬೇಕು. ಬೇರು ಸಕ್ಕರೆಯನ್ನು ಆಮ್ಲಜನಕದೊಡನೆ ಉರಿಸಿ ಆ ಕೂಲಿಯನ್ನು ತೆರುತ್ತದೆ.

ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಗಾಳಿಗೆ ಎಡೆಯಿಲ್ಲ. ಬತ್ತವಾದರೋ ತನ್ನೊಳಗಿನ ಗಾಳಿನಾಳಗಳ ಮೂಲಕ ಬೇರಿಗೆ ಉಸಿರನ್ನು ಇಳಿಸುತ್ತದೆ. ಕಾಫಿಗೆ ಆ ಸೌಕರ್ಯವಿಲ್ಲ. 2018ರ ಆಗಸ್ಟಿನ ಅತಿವೃಷ್ಟಿಯಲ್ಲಿ ಕೊಡಗಿನ ಬೆಳೆಗಾರರು ಕಂಡ ಕಾಯುದುರುವಿಕೆಗೆ ಇದೂ ಒಂದು ಕಾರಣ. ಅಂಥ ತೋಟಕ್ಕೆ ಗೊಬ್ಬರ ಸುರಿದು ಫಲವಿಲ್ಲ. ಮೊದಲು ಚರಂಡಿ ಬಿಡಿಸಬೇಕು. ಬೇರು ಉಸಿರಾಡಿದ ಮೇಲಷ್ಟೇ ಉಣ್ಣುತ್ತದೆ.