ಸಮಾನ ಶತ್ರು ಅಳಿದ ಮೇಲೆ

ಹೈದರಾಲಿಯೆಂದರೆ ದುರ್ಗಕ್ಕೆ ಮುತ್ತಿಗೆ ಹಾಕಿದವನು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿ ನೆಲೆಯೂರಿರುವ ಚಿತ್ರ. ಓಬವ್ವನ ಕಿಂಡಿಯನ್ನು ಕಂಡು ಬಂದವರಿಗಂತೂ ಬೇರೆ ಚಿತ್ರ ಮೂಡುವುದು ಕಷ್ಟ. ಆದರೆ ಅದೇ ಹೈದರನೂ ಚಿತ್ರದುರ್ಗದ ಮದಕರಿ ನಾಯಕನೂ 1763ರಲ್ಲಿ ಒಂದೇ ಪಕ್ಷದಲ್ಲಿದ್ದರು. ಯುದ್ಧಕಾಲದ ಮಿತ್ರರು ವೈರಿಗಳಾಗುವ ಬಗೆಯನ್ನು ಅರಿಯಲು ಅಲ್ಲಿಂದ 1779ರವರೆಗಿನ ಹದಿನಾರು ವರ್ಷಗಳಿಗಿಂತ ಸಮೀಪದ ನಿದರ್ಶನ ನಮ್ಮ ಜಿಲ್ಲೆಯವರಿಗೆ ದೊರೆಯಲಾರದು.

ದುರ್ಗಕ್ಕೂ ಬಿದನೂರಿನ ಕೆಳದಿ ಅರಸರಿಗೂ ಹಳೆಯ ಹಗೆತನವಿತ್ತು. 1748ರ ಸುಮಾರಿಗೆ ಮಾಯಕೊಂಡದ ಕಾಳಗದಲ್ಲಿ ಹಿರೇ ಮದಕರಿ ನಾಯಕನು ಮಡಿದದ್ದು ಬಿದನೂರಿನ ಸೇನೆಯ ಎದುರಿನಲ್ಲಿಯೇ. 1761ರಲ್ಲಿ ಶಿರಾ ಹೈದರನ ವಶವಾಯಿತು. ಅವನ ಕರೆಗೆ ಒಪ್ಪಲು ದುರ್ಗದ ನಾಯಕನು ತಡಮಾಡಿದಾಗ ಕುದುರೆ ದಂಡು ಸೀಮೆಯನ್ನು ಸೂರೆಗೊಂಡಿತು. ನಾಯಕನು ದಂಡ ತೆತ್ತು ಜೊತೆಗೂಡಿದನು. ಹೀಗಾಗಿ ಇದು ಪ್ರೀತಿಯ ಸ್ನೇಹವಾಗಿರಲಿಲ್ಲ. ಆದರೂ ಬಿದನೂರಿನ ಗದ್ದುಗೆಗೆ ಹಕ್ಕುದಾರನೆಂದು ಹೇಳಿಕೊಂಡವನೊಬ್ಬನು ದುರ್ಗದ ಕಡೆಯಿಂದಲೇ ಹೈದರನ ಪಾಳೆಯಕ್ಕೆ ಬಂದನು. 1763ರ ಮಾರ್ಚಿಯಲ್ಲಿ ಬಿದನೂರು ಬಿದ್ದಿತು, ಅದರ ಭಂಡಾರವೂ ಹೈದರನ ಕೈಸೇರಿತು.

ಇಲ್ಲಿಯೇ ವಾಚಕರು ನಕ್ಷೆಯನ್ನು ಒಮ್ಮೆ ನೋಡಬೇಕು. ಶಿರಾದಿಂದ ಬರುವ ಸೇನೆಗೆ ಹಿರಿಯೂರು ಹೆಬ್ಬಾಗಿಲು. ಶಿವಮೊಗ್ಗದ ಕಡೆಗೆ ಹೊಳಲ್ಕೆರೆಯ ದಾರಿ. ಬಿದನೂರು ಅಳಿದೊಡನೆ ಈ ಎರಡು ದಿಕ್ಕುಗಳಲ್ಲಿಯೂ ಹೈದರನೇ ನೆರೆಯವನಾದನು. ಶತ್ರುವಿನ ನಾಶವೇ ಮಿತ್ರರ ನಡುವೆ ಗಡಿಯನ್ನು ಹುಟ್ಟಿಸಿತು.

ಯೂರೋಪಿನಲ್ಲಿ ನಡೆದದ್ದೂ ಇದೇ. 1945ರ ಏಪ್ರಿಲ್ 25ರಂದು ಅಮೆರಿಕದ ಮತ್ತು ಸೋವಿಯತ್ ಸೈನಿಕರು ಎಲ್ಬ್ ನದಿಯ ದಡದಲ್ಲಿ ಕೈಕುಲುಕಿದರು. ಅಂದಿಗೆ ನಡುವಿನ ಜರ್ಮನಿ ಕುಸಿದಿತ್ತು. ಬಂಡವಾಳಶಾಹಿ ಮತ್ತು ಸಮತಾವಾದಗಳ ವಿರೋಧ 1917ರಿಂದಲೇ ಇದ್ದರೂ ಹಿಟ್ಲರನ ಭಯವು ಅದನ್ನು ಬದಿಗಿರಿಸಿತ್ತು. ಎರಡು ಸೇನೆಗಳು ಎದುರುಬದುರಾದ ಮೇಲೆ ಅದು ದಿನನಿತ್ಯದ ಪ್ರಶ್ನೆಯಾಯಿತು. 1947ರಲ್ಲಿ ಮಾರ್ಷಲ್ ಯೋಜನೆ, 1949ರಲ್ಲಿ ನ್ಯಾಟೋ, ಅದೇ ವರ್ಷ ಮಾಸ್ಕೋದ ನೇತೃತ್ವದ ಕಾಮೆಕಾನ್ ಹುಟ್ಟಿಕೊಂಡವು. ವರ್ತಕರಿಗೆ ಕುತೂಹಲಕರವಾದ ವಿಷಯವೊಂದಿದೆ: ಯುದ್ಧಕಾಲದಲ್ಲಿ ಅಮೆರಿಕವು ರಷ್ಯಕ್ಕೆ ಕಳುಹಿಸಿದ ಸುಮಾರು 1,100 ಕೋಟಿ ಡಾಲರ್ ಮೌಲ್ಯದ ಸಾಮಗ್ರಿಯ ಲೆಕ್ಕ ಬಹುಕಾಲ ವಿವಾದದಲ್ಲಿತ್ತು, 72.2 ಕೋಟಿ ಡಾಲರಿಗೆ ಅದನ್ನು ಇತ್ಯರ್ಥಪಡಿಸುವ ಒಪ್ಪಂದವಾದದ್ದು 1972ರಲ್ಲಿ!

ದುರ್ಗ ಮಹಾಶಕ್ತಿಯಾಗಿರಲಿಲ್ಲ, ನಿಜ. ಆದರೆ ಅಲ್ಲಿಯೂ ಎರಡು ರಾಜ್ಯಪದ್ಧತಿಗಳು ಎದುರಾದವು. ಪಾಳೆಯಗಾರನ ದೃಷ್ಟಿಯಲ್ಲಿ ಕಪ್ಪ ಕೊಟ್ಟು, ಕರೆದಾಗ ಬೇಡರ ಪಡೆಯೊಡನೆ ಹೋದರೆ ಕರ್ತವ್ಯ ಮುಗಿಯಿತು; ಉಳಿದಂತೆ ಸೀಮೆ ತನ್ನದೇ. ಬಲವಂತನು ಬದಲಾದರೆ ನಿಷ್ಠೆಯೂ ಬದಲಾಗಬಹುದು. 1770ರಲ್ಲಿ ನಿಜಗಲ್ಲಿನ ಕೋಟೆಯನ್ನು ದುರ್ಗದ ಬೇಡರು ಲಗ್ಗೆಯಿಟ್ಟು ಹತ್ತಿದ್ದು ಹೈದರನ ವೈರಿಯಾದ ಪೇಶ್ವೆ ಮಾಧವರಾಯನ ಪರವಾಗಿ. ಹೈದರನಾದರೋ ಸಂಬಳದ ಸೈನ್ಯವನ್ನು ಕಟ್ಟುತ್ತಿದ್ದನು. ಅದಕ್ಕೆ ನಗದು ಬೇಕು, ನಗದಿಗೆ ಅಮಲ್ದಾರರ ಮೂಲಕ ನೇರ ವಸೂಲಿ ಬೇಕು. ದಲಾಲರ ಮೂಲಕ ಖರೀದಿಸುತ್ತಿದ್ದ ಸಾಹುಕಾರನು ತಾನೇ ಊರಿನಲ್ಲಿ ಅಂಗಡಿ ತೆರೆದರೆ ದಲಾಲರ ಗತಿ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

1777ರಲ್ಲಿ ಹೈದರನು ದುರ್ಗಕ್ಕೆ ಮುತ್ತಿಗೆ ಹಾಕಿದನು. ಮರಾಠರ ಸೇನೆ ಸಮೀಪಿಸಿದ್ದರಿಂದ ಹಣ ಪಡೆದು ಹಿಂದೆಗೆದನು. ಆ ಯುದ್ಧದಲ್ಲಿ ನಾಯಕನು ತನ್ನ ನೆರವಿಗೆ ಬರಲಿಲ್ಲವೆಂಬ ಸಿಟ್ಟು ಅವನಲ್ಲಿ ಉಳಿಯಿತು. ಇತ್ತ ನಾಯಕನು ಗೆಲ್ಲುವವರು ಯಾರೆಂದು ಕಾದು ನೋಡಿದನು. ಸಣ್ಣ ರಾಜ್ಯಕ್ಕೆ ಅದು ಅಸಹಜವಾದ ನಡೆಯಲ್ಲ. 1779ರಲ್ಲಿ ಕೋಟೆಯೊಳಗಿನ ಕೆಲವು ಸರದಾರರ ದ್ರೋಹದಿಂದ ದುರ್ಗ ಬಿದ್ದಿತು. ನಾಯಕನನ್ನೂ ಪರಿವಾರವನ್ನೂ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸುಮಾರು 20,000 ಬೇಡರನ್ನೂ ಅಲ್ಲಿಗೆ ಒಯ್ದರು. ಅವರ ಹುಡುಗರಿಗೆ ಶಸ್ತ್ರಾಭ್ಯಾಸ ಮಾಡಿಸಿ ‘ಚೇಲಾ’ ದಳಗಳನ್ನು ಕಟ್ಟಲಾಯಿತು. ಬಿದನೂರಿನ ದಂಡಯಾತ್ರೆಯಲ್ಲಿ ಹೈದರನಿಗೆ ಜೊತೆಯಾಗಿದ್ದ ಸೀಮೆಯ ಮಕ್ಕಳು ಈಗ ಅವನ ಸಿಪಾಯಿಗಳಾದರು.