ಒಗರು ಕಳೆಯುವ ಕಾಲ

ಉತ್ತರ ಇಟಲಿಯ ಪಿಯೆಮೊಂಟೆ ಪ್ರಾಂತದ ಔತಣಕೂಟವೊಂದನ್ನು ನಾವು ಊಹಿಸಿಕೊಳ್ಳೋಣ. ಮೇಜಿನ ಮೇಲೆ ಎರಡು ಗಾಜಿನ ಬಟ್ಟಲುಗಳು. ಎರಡರಲ್ಲಿಯೂ ನೆಬ್ಬಿಯೋಲೊ ದ್ರಾಕ್ಷಿಯಿಂದ ತಯಾರಾದ ಬರೋಲೊ ಎಂಬ ಕೆಂಪು ಮದ್ಯ. ಕಾನೂನಿನಂತೆ ಇದು ಮಾರಾಟಕ್ಕೆ ಬರುವ ಮೊದಲು 38 ತಿಂಗಳು ಮಾಗಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಒಂದು ಬಟ್ಟಲಿನ ಮದ್ಯಕ್ಕೆ 4 ವರ್ಷ, ಇನ್ನೊಂದಕ್ಕೆ 30. ಎಳೆಯದು ನಾಲಗೆಯನ್ನು ಹಿಡಿಯುತ್ತದೆ. ಹಳೆಯದು ನುಣುಪಾಗಿ ಇಳಿಯುತ್ತದೆ, ಬಣ್ಣವೂ ಇಟ್ಟಿಗೆಗೆಂಪು. ಈ ವ್ಯತ್ಯಾಸಕ್ಕೆ ಕಾರಣವೇನು?

ಹಣ್ಣಿನ ಸಿಪ್ಪೆ, ಬೀಜಗಳಿಂದ ಮದ್ಯಕ್ಕೆ ಟ್ಯಾನಿನ್ ಎಂಬ ದ್ರವ್ಯಗಳು ಇಳಿಯುತ್ತವೆ. ಎಳೆಯ ಅಡಿಕೆಯನ್ನು ಅಗಿದಾಗ ನಮಗೆ ಒಗರೆನಿಸುವುದೂ ಇದೇ ಜಾತಿಯ ದ್ರವ್ಯಗಳಿಂದ. ಅವು ಜೊಲ್ಲಿನ ಪ್ರೋಟೀನುಗಳೊಡನೆ ಕೂಡಿಕೊಳ್ಳುವುದರಿಂದ ಬಾಯಿಯ ಜಾರುಗುಣ ಕುಂದುತ್ತದೆ. ಆದುದರಿಂದ ಒಗರೆಂಬುದು ರುಚಿಗಿಂತ ಹೆಚ್ಚಾಗಿ ಸ್ಪರ್ಶದ ಅನುಭವ.

ಮದ್ಯ ಮಾಗುವುದರಲ್ಲಿ ಆಮ್ಲಜನಕದ ಪಾತ್ರವನ್ನು ಲೂಯಿ ಪಾಶ್ಚರನು 1866ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ವಿವರಿಸಿದ್ದನು. ಪೀಪಾಯಿಯ ಮರದಿಂದಲೂ ಸೀಸೆಯ ಬಿರಡೆಯಿಂದಲೂ ಆಮ್ಲಜನಕವು ಅಲ್ಪಾಲ್ಪವಾಗಿ ಒಳಸೇರುತ್ತದೆ. ಕ್ರಮೇಣ ಟ್ಯಾನಿನ್ನುಗಳು ತಮ್ಮತಮ್ಮಲ್ಲಿಯೂ, ಕೆಂಪು ಬಣ್ಣ ಕೊಡುವ ಆಂಥೊಸಯನಿನ್ನುಗಳೊಡನೆಯೂ ಬೆಸೆದುಕೊಳ್ಳುತ್ತವೆ. ಕೆಲವು ಗಸಿಯಾಗಿ ತಳಕ್ಕಿಳಿಯುತ್ತವೆ. ಅಣುಗಳು ಹೀಗೆ ಬೆಳೆದು ತಳಸೇರುವುದರಿಂದಲೇ ಒಗರು ತಗ್ಗುವುದೆಂದು ಹಿಂದೆ ಭಾವಿಸಿದ್ದರು. ಆದರೆ ಮದ್ಯದ ಆಮ್ಲದಲ್ಲಿ ದೊಡ್ಡ ಟ್ಯಾನಿನ್ನುಗಳು ತುಂಡಾಗುವುದೂ ಉಂಟೆಂದು ಈಗ ತಿಳಿದಿದೆ. ಎಂದರೆ, ಮುಚ್ಚಿದ ಸೀಸೆಯೊಳಗೆ ಕೂಡುವ ಕ್ರಿಯೆಯೂ ಒಡೆಯುವ ಕ್ರಿಯೆಯೂ ಏಕಕಾಲದಲ್ಲಿ ನಡೆದಿರುತ್ತವೆ.

ಎಲ್ಲ ಕೆಂಪು ಮದ್ಯಗಳೂ ಹೀಗೆ ಮಾಗಲಾರವು. ಟ್ಯಾನಿನ್ನೂ ಆಮ್ಲವೂ ಸಾಲದ ಮದ್ಯವು ಸಾಮಾನ್ಯವಾಗಿ ಬೇಗನೆ ಸಪ್ಪೆಯಾಗುತ್ತದೆ. ಎಳೆತನದಲ್ಲಿ ನಾಲಗೆಯನ್ನು ಹಿಡಿದ ಆ ಒಗರೇ ಬರೋಲೊದ ದೀರ್ಘಾಯುಸ್ಸಿಗೆ ಆಧಾರವೆಂಬುದನ್ನು ನಾವು ಮರೆಯಬಾರದು.