ವೀರ ಖುದಾದಾದ್ ಖಾನನು

ಶೌರ್ಯವು ಜಯದಲ್ಲಿ ಮಾತ್ರವೇ ಕಾಣತಕ್ಕುದೆಂದು ಅನೇಕರ ಎಣಿಕೆ. ಸೋಲು ಸಮೀಪಿಸಿದಾಗಲೂ ನಿಂತ ನೆಲವನ್ನು ಬಿಡದಿರುವುದೇ ಪರಮ ಶೌರ್ಯವೆಂಬುದಕ್ಕೆ ಖುದಾದಾದ್ ಖಾನನ ಚರಿತ್ರೆಯು ನಿದರ್ಶನವಾಗಿದೆ.

ಈತನು 1888ರಲ್ಲಿ ಪಂಜಾಬಿನ ಚಕ್ವಾಲ್ ಸೀಮೆಯಲ್ಲಿ ಜನಿಸಿ, 129ನೆಯ ಬಲೂಚಿ ಪಲ್ಟಣದಲ್ಲಿ ಸಿಪಾಯಿಯಾದನು. 1914ರಲ್ಲಿ ಮಹಾಯುದ್ಧವು ಆರಂಭವಾಗಲು, ಆ ಪಲ್ಟಣವು ಸಮುದ್ರವನ್ನು ದಾಟಿ ಬೆಲ್ಜಿಯಂ ದೇಶದ ರಣಭೂಮಿಯನ್ನು ಸೇರಿತು. ಅಕ್ಟೋಬರ್ 31ರಂದು ಹಾಲೆಬೆಕ್ ಗ್ರಾಮದ ಬಳಿ ಜರ್ಮನ್ ಸೇನೆಯು ಪ್ರವಾಹದಂತೆ ನುಗ್ಗಿತು. ಪಲ್ಟಣದ ಎರಡು ಮೆಷಿನ್ ಗನ್ನುಗಳಲ್ಲಿ ಒಂದು ಫಿರಂಗಿಯ ಗುಂಡಿಗೆ ಧ್ವಂಸವಾಯಿತು, ಅಧಿಕಾರಿಯು ಗಾಯಗೊಂಡನು. ಉಳಿದುದನ್ನು ಖುದಾದಾದನೂ ಐವರು ಸಂಗಡಿಗರೂ ಬಿಡದೆ ನಡೆಯಿಸಿದರು. ಆ ಐವರೂ ಅಲ್ಲಿಯೇ ಮಡಿದರು. ಗಾಯಗೊಂಡು ಬಿದ್ದ ಈತನನ್ನು ಶತ್ರುಗಳು ಮೃತನೆಂದೇ ಬಗೆದು ಬಿಟ್ಟುಹೋದರು. ಈತನಾದರೋ ತೆವಳುತ್ತ ಬಂದು ತನ್ನವರನ್ನು ಸೇರಿದನು.

ಭಾರತೀಯ ಸಿಪಾಯಿಗಳಿಗೆ ವಿಕ್ಟೋರಿಯಾ ಕ್ರಾಸ್ ಪದಕದ ಅರ್ಹತೆಯು ದೊರೆತುದೇ 1911ರಲ್ಲಿ. ಅವರಲ್ಲಿ ಅದನ್ನು ಗಳಿಸಿದ ಮೊದಲಿಗನು ಈತನೇ. 1915ರ ಜನವರಿಯಲ್ಲಿ ಐದನೆಯ ಜಾರ್ಜ್ ದೊರೆಯು ಸ್ವಹಸ್ತದಿಂದ ಪದಕವನ್ನಿತ್ತನು. ಮುಂದೆ ಸುಬೇದಾರನಾದ ಈ ವೀರನು 1971ರಲ್ಲಿ ಪಾಕಿಸ್ತಾನದಲ್ಲಿ ಕಾಲವಾದನು.

ಪದಕದಲ್ಲಿ ಕೆತ್ತಿದುದು ಒಬ್ಬನ ಹೆಸರು. ಕರ್ತವ್ಯದಲ್ಲಿ ನಿಂತವರು ಆರು ಮಂದಿ. ಮಕ್ಕಳಿಗೆ ಈ ಕಥೆಯನ್ನು ಹೇಳುವ ತಾಯಂದಿರು ಆರನ್ನೂ ಎಣಿಸಿ ಹೇಳಲಿ.